ಉಬುಂಟು ಬಂದ ಮೇಲೆ ವಿಂಡೋಸ್ ಎಲ್ಲಿಗೆ ಹೋಯಿತು?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪದವಿಪೂರ್ವ ಕಾಲೇಜೊಂದರಲ್ಲಿ ಕನ್ನಡ ಉಪನ್ಯಾಸಕ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 10 ಇತ್ತು. ಅದಕ್ಕೆ ಇನ್ನು ಅಪ್‌ಡೇಟ್ ಬರುವುದಿಲ್ಲ, ವಿಂಡೋಸ್ 11ಕ್ಕೆ ಈ ಯಂತ್ರ ಸಾಲದು ಎಂದು ಇಂಜಿನಿಯರಿಂಗ್ ಓದುತ್ತಿರುವ ಮಗಳು ಅದರ ಪಕ್ಕದಲ್ಲೇ ಉಬುಂಟು 22.04 ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಿದಳು. ಆನ್ ಮಾಡಿದಾಗ ಎರಡರಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದು ಎಂದಿದ್ದಳು. ಈಗ ನೇರವಾಗಿ ಉಬುಂಟು ತೆರೆದುಕೊಳ್ಳುತ್ತದೆ, ವಿಂಡೋಸ್‌ನ ಸುಳಿವೇ ಇಲ್ಲ. ಹದಿನೈದು ವರ್ಷಗಳ ಪಾಠದ ಟಿಪ್ಪಣಿಗಳು ಮತ್ತು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ನನ್ನ ಸಂಶೋಧನಾ ಪ್ರಬಂಧ ಅದರಲ್ಲಿವೆ. ಅಂಗಡಿಯವರು ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡುತ್ತೇವೆ’ ಎನ್ನುತ್ತಾರೆ. ಮಗಳು ತನ್ನಿಂದಲೇ ಎಲ್ಲ ಹಾಳಾಯಿತೆಂದು ಅಳುತ್ತಿದ್ದಾಳೆ. ಅವಳು ಟರ್ಮಿನಲ್‌ ಎಂಬ ಕಮಾಂಡ್ ಬರೆಯುವ ಕಿಟಕಿಯಲ್ಲಿ ತೆಗೆದ ಡಿಸ್ಕ್ ವಿವರದ ಫೋಟೋ ಕಳಿಸಿದ್ದೇನೆ. ಏನಾದರೂ ಉಳಿದಿದೆಯೇ?

ಉತ್ತರ: ಉಳಿದಿದೆ, ಮೇಷ್ಟರೇ. ಇದನ್ನು ನಿಮ್ಮ ಸಮಾಧಾನಕ್ಕಾಗಿ ಹೇಳುತ್ತಿಲ್ಲ. ನೀವು ಕಳಿಸಿದ ಫೋಟೋದಲ್ಲೇ ಅದಕ್ಕೆ ಸಾಕ್ಷಿಯಿದೆ. ಮೊದಲು ಒಂದು ಕೆಲಸ ಮಾಡಿ: ಲ್ಯಾಪ್‌ಟಾಪನ್ನು ಅಂಗಡಿಗೆ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಇಂದೇ ಹೋಗಿ ವಾಪಸ್ ತನ್ನಿ. ಈ ಹೊತ್ತಿನಲ್ಲಿ ನಿಮ್ಮ ಪ್ರಬಂಧಕ್ಕಿರುವ ದೊಡ್ಡ ಅಪಾಯ ಫಾರ್ಮ್ಯಾಟ್ ಒಂದೇ.

ಆ ಫೋಟೋವನ್ನು ಒಟ್ಟಿಗೆ ಓದೋಣ. ನಿಮ್ಮ ಮಗಳು ಓಡಿಸಿರುವುದು ಎಲ್ ಎಸ್ ಬಿ ಎಲ್ ಕೆ ಎಂಬ ಐದಕ್ಷರದ ಕಮಾಂಡ್. ಡಿಸ್ಕನ್ನು ಹೇಗೆ ಹೋಳು ಮಾಡಲಾಗಿದೆ ಎಂದು ತೋರಿಸುವುದಷ್ಟೇ ಅದರ ಕೆಲಸ, ಅದು ಏನನ್ನೂ ಬದಲಿಸುವುದಿಲ್ಲ. ಮೇಲೆ ಎಸ್‌ಡಿಎ, 476.9 ಜಿ ಎಂದಿದೆ. ಅದು ನಿಮ್ಮ 512 ಜಿಬಿ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ಡಿಸ್ಕ್. ಅದರ ಕೆಳಗೆ ಐದು ಸಾಲುಗಳಿವೆ. ಎಸ್‌ಡಿಎ1 ನೂರು ಎಂಬಿ, ವಿಎಫ್‌ಎಟಿ ಮಾದರಿಯದು. ಎಸ್‌ಡಿಎ2 ಹದಿನಾರು ಎಂಬಿ, ಅದರ ಮುಂದೆ ಮಾದರಿಯ ಹೆಸರೇ ಇಲ್ಲ. ಎಸ್‌ಡಿಎ3 371.4 ಜಿ, ಎನ್‌ಟಿಎಫ್‌ಎಸ್, ಅಂದರೆ ವಿಂಡೋಸ್ ಫೈಲುಗಳನ್ನಿಡುವ ಮಾದರಿ. ಎಸ್‌ಡಿಎ4 604 ಎಂಬಿ, ಅದೂ ಎನ್‌ಟಿಎಫ್‌ಎಸ್. ಕೊನೆಯ ಎಸ್‌ಡಿಎ5 104.8 ಜಿ, ಲಿನಕ್ಸ್‌ನ ಮಾದರಿಯಾದ ಇಎಕ್ಸ್‌ಟಿ4.

ಕೊನೆಯದು ಉಬುಂಟುವಿನದು. ಮೊದಲ ನಾಲ್ಕನ್ನೂ ಮಾಡಿದ್ದು ವಿಂಡೋಸ್, ಮತ್ತು ಆ ನಾಲ್ಕೂ ಇದ್ದಲ್ಲೇ ಇವೆ. ಹದಿನಾರು ಎಂಬಿಯ ಹೆಸರಿಲ್ಲದ ಹೋಳನ್ನು ವಿಂಡೋಸ್ ತನಗಾಗಿ ಕಾದಿರಿಸಿಕೊಳ್ಳುತ್ತದೆ, ಅದರಲ್ಲಿ ನಮಗೆ ಬೇಕಾದುದು ಏನೂ ಇರುವುದಿಲ್ಲ. 604 ಎಂಬಿಯದು ವಿಂಡೋಸ್ ಕೆಟ್ಟಾಗ ದುರಸ್ತಿಗೆ ಬೇಕಾಗುವ ಸಾಮಗ್ರಿ. 371.4 ಜಿಯದು ನಿಮ್ಮ ಸಿ ಡ್ರೈವ್. ಮೊದಲು ಸುಮಾರು 476 ಇದ್ದ ಅದು ಉಬುಂಟುವಿಗೆ ಜಾಗ ಬಿಟ್ಟುಕೊಡಲು ಸಣ್ಣದಾಗಿದೆ ಅಷ್ಟೇ. ಮಗಳು ಇನ್‌ಸ್ಟಾಲ್ ಮಾಡುವಾಗ ‘ಡಿಸ್ಕ್ ಅಳಿಸಿ ಹಾಕು’ ಎಂಬ ಆಯ್ಕೆಯನ್ನು ಒತ್ತಿದ್ದರೆ ಇಲ್ಲಿ ಎನ್‌ಟಿಎಫ್‌ಎಸ್ ಎಂಬ ಪದವೇ ಕಾಣುತ್ತಿರಲಿಲ್ಲ. ಅವಳು ‘ವಿಂಡೋಸ್ ಜೊತೆಯಲ್ಲೇ ಹಾಕು’ ಎಂಬುದನ್ನೇ ಆರಿಸಿದ್ದಾಳೆ. ದಯವಿಟ್ಟು ಇದನ್ನು ಅವಳಿಗೆ ಓದಿ ಹೇಳಿ. ಮಾಡಬೇಕಾದುದನ್ನು ಅವಳು ಸರಿಯಾಗಿಯೇ ಮಾಡಿದ್ದಾಳೆ.

ಇನ್ನೊಂದು ಸಣ್ಣ ಗುರುತೂ ಇದೆ. ಎಸ್‌ಡಿಎ1ರ ಸಾಲಿನ ತುದಿಯಲ್ಲಿ ಓರೆಗೆರೆ ಬೂಟ್ ಓರೆಗೆರೆ ಇಎಫ್‌ಐ ಎಂದು ಬರೆದಿದೆ. ವಿಂಡೋಸ್ ಬಳಸುತ್ತಿದ್ದ ಅದೇ ನೂರು ಎಂಬಿಯ ಹೋಳನ್ನು ಉಬುಂಟು ಕೂಡ ಹಂಚಿಕೊಂಡಿದೆ ಎಂದು ಇದರ ಅರ್ಥ. ಎರಡೂ ಒಂದೇ ಪದ್ಧತಿಯಲ್ಲಿ ಬೂಟ್ ಆಗುತ್ತವೆ, ಅಂದರೆ ಯಂತ್ರ ಆನ್ ಆದಾಗ ತೆರೆದುಕೊಳ್ಳುತ್ತವೆ ಎಂಬುದು ಇದರಿಂದ ಖಚಿತವಾಯಿತು. ಒಂದು ದೊಡ್ಡ ತೊಡಕು ಇಲ್ಲಿಗೇ ತಪ್ಪಿತು, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ವಿಂಡೋಸ್ ತೆರೆಯುವುದು ಹೇಗೆ ಎಂದು ಕೇಳುವ ಮೊದಲು ಪ್ರಬಂಧವನ್ನು ಹೊರಗೆ ತೆಗೆಯಿರಿ. ಅದಕ್ಕೆ ವಿಂಡೋಸ್ ಬೇಕಾಗಿಲ್ಲ, ಈಗ ನಿಮ್ಮ ಮುಂದಿರುವ ಉಬುಂಟುವೇ ಸಾಕು. ಫೈಲ್ಸ್ ತೆರೆದು ಎಡಗಡೆ ಪಟ್ಟಿಯ ಕೊನೆಯಲ್ಲಿರುವ ‘ಇತರ ಸ್ಥಳಗಳು’ ಒತ್ತಿ. ಅಲ್ಲಿ 399 ಜಿಬಿ ವಾಲ್ಯೂಮ್ ಎಂಬ ಹೆಸರು ಕಾಣಬೇಕು. 371.4 ಹೇಗೆ 399 ಆಯಿತು ಎಂದು ಗಾಬರಿಯಾಗಬೇಡಿ. ಟರ್ಮಿನಲ್ 1024ರ ಲೆಕ್ಕದಲ್ಲಿ ಎಣಿಸುತ್ತದೆ, ಫೈಲ್ಸ್ 1000ದ ಲೆಕ್ಕದಲ್ಲಿ ಎಣಿಸುತ್ತದೆ. ಎರಡೂ ಒಂದೇ ಹೋಳು. ಒತ್ತಿದರೆ ಉಬುಂಟುವಿನ ಪಾಸ್‌ವರ್ಡ್ ಕೇಳಬಹುದು, ಕೊಡಿ. ಒಳಗೆ ಯೂಸರ್ಸ್ ಎಂಬ ಫೋಲ್ಡರ್, ಅದರೊಳಗೆ ನಿಮ್ಮ ಹೆಸರು, ಅದರೊಳಗೆ ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಸಿಗುತ್ತವೆ. ಒಂದು ಪೆನ್‌ಡ್ರೈವ್ ಅಥವಾ ಹೊರಗಿನ ಹಾರ್ಡ್ ಡಿಸ್ಕ್ ಚುಚ್ಚಿ ಎಲ್ಲವನ್ನೂ ನಕಲು ಮಾಡಿಕೊಳ್ಳಿ. ಕಟ್ ಮಾಡಬೇಡಿ, ಕಾಪಿ ಮಾಡಿ.

ಆ ವಾಲ್ಯೂಮ್ ಓದಲು ಮಾತ್ರ ತೆರೆಯುತ್ತದೆ, ಅದರಲ್ಲಿ ಏನನ್ನೂ ಬರೆಯಲು ಆಗುವುದಿಲ್ಲ ಎಂಬ ಸೂಚನೆ ಬಂದರೆ ಹಾಗೆಯೇ ಇರಲಿ. ನಕಲು ಮಾಡಲು ಓದುವುದೇ ಸಾಕು. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯವಿದೆ. ಅದು ಚಾಲ್ತಿಯಲ್ಲಿದ್ದರೆ ನೀವು ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ತನ್ನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಅರೆನಿದ್ದೆಗೆ ಜಾರುತ್ತದೆ. ಅಂಥ ಡಿಸ್ಕ್‌ಗೆ ಬರೆಯುವುದು ಅಪಾಯವೆಂದು ಉಬುಂಟು ಹಿಂದೆ ಸರಿಯುತ್ತದೆ, ಅದು ಸರಿಯಾದ ನಡೆ. ಈ ನಿದ್ದೆಯ ಫೈಲನ್ನು ಅಳಿಸಿ ಬಲವಂತವಾಗಿ ತೆರೆಯುವ ಉಪಾಯವನ್ನು ಯಾರಾದರೂ ಹೇಳಿದರೆ ಈಗ ಅದನ್ನು ಮಾಡಬೇಡಿ.

ಇಲ್ಲೊಂದು ವಿಷಯವನ್ನು ನಿಮಗೆ ಹೇಳಲೇಬೇಕು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತೊಂದರೆ ಬರುವುದಿಲ್ಲ. ನಿಮ್ಮ ಪ್ರಬಂಧವನ್ನು ಉಬುಂಟುವಿನ ಲಿಬ್ರೆ ಆಫೀಸ್‌ನಲ್ಲಿ ತೆರೆದು ನೋಡುವ ಆಸೆ ನಿಮಗೆ ಆಗಿಯೇ ಆಗುತ್ತದೆ. ತೆರೆದಾಗ ಕನ್ನಡದ ಬದಲು ಚುಕ್ಕಿ, ಕೊಂಬು ಸೇರಿದ ವಿಚಿತ್ರ ರೋಮನ್ ಅಕ್ಷರಗಳ ರಾಶಿ ಕಂಡರೆ ಎದೆ ಒಡೆದುಕೊಳ್ಳಬೇಡಿ. ಫೈಲ್ ಕೆಟ್ಟಿರುವುದಿಲ್ಲ. ನುಡಿಯ ಹಳೆಯ ಆವೃತ್ತಿಗಳಲ್ಲಿ, ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಅಲ್ಲದ ವಿಧಾನದಲ್ಲಿ ಬೆರಳಚ್ಚು ಮಾಡಿದ ಬರಹದಲ್ಲಿ ಕನ್ನಡ ಇರುವುದು ಫಾಂಟಿನೊಳಗೆ. ಆ ಫಾಂಟ್ ಇಲ್ಲದ ಯಂತ್ರಕ್ಕೆ ಕಾಣುವುದು ರೋಮನ್ ಸಂಕೇತಗಳು ಮಾತ್ರ. ಹಾಗಾಗಿ ದಾಖಲೆಗಳ ಜೊತೆ ಅದೇ ವಾಲ್ಯೂಮ್‌ನ ವಿಂಡೋಸ್ ಫೋಲ್ಡರ್‌ನೊಳಗಿನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಎಂದು ಹೆಸರಿರುವ ಫಾಂಟುಗಳನ್ನೂ ನಕಲು ಮಾಡಿಕೊಳ್ಳಿ. ಉಬುಂಟುವಿನಲ್ಲಿ ಅವುಗಳ ಮೇಲೆ ಎರಡು ಸಲ ಒತ್ತಿ ಇನ್‌ಸ್ಟಾಲ್ ಮಾಡಿ ಲಿಬ್ರೆ ಆಫೀಸ್ ಮುಚ್ಚಿ ತೆರೆದರೆ ಕನ್ನಡ ಮತ್ತೆ ಕಾಣಿಸಿಕೊಳ್ಳುತ್ತದೆ. ಫೈಲ್ ಸುರಕ್ಷಿತವಾಗಿದ್ದೂ ಹಾಳಾಯಿತೆಂದು ತಿಳಿದು ಅಳಿಸಿಬಿಟ್ಟವರನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಕಲು ಮುಗಿಯಿತೇ? ಹೊರಗಿನ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ ನಾಲ್ಕಾರು ಫೈಲ್ ತೆರೆದು ನೋಡಿದಿರೇ? ಹಾಗಾದರೆ ಈಗ ವಿಂಡೋಸ್ ಹುಡುಕಲು ಹೊರಡೋಣ.

ಲ್ಯಾಪ್‌ಟಾಪ್ ಆನ್ ಮಾಡಿದ ಕ್ಷಣ ಮೊದಲು ಎಚ್ಚರವಾಗುವುದು ವಿಂಡೋಸೂ ಅಲ್ಲ, ಉಬುಂಟುವೂ ಅಲ್ಲ. ಮದರ್‌ಬೋರ್ಡಿನಲ್ಲೇ ಇರುವ ಯುಇಎಫ್‌ಐ ಎಂಬ ತಂತ್ರಾಂಶ. ಎಲ್ಲರೂ ರೂಢಿಯಲ್ಲಿ ಅದನ್ನು ಬಯೋಸ್ ಎಂದೇ ಕರೆಯುತ್ತಾರೆ. ಅದರ ನೆನಪಿನಲ್ಲಿ ಒಂದು ಪಟ್ಟಿ ಇರುತ್ತದೆ: ಮೊದಲು ಇದನ್ನು ಕರೆ, ಅದು ಬರದಿದ್ದರೆ ಅದನ್ನು ಕರೆ ಎಂದು. ಪಟ್ಟಿಯ ಒಂದೊಂದು ಸಾಲೂ ಆ ನೂರು ಎಂಬಿಯ ಹೋಳಿನಲ್ಲಿರುವ ಒಂದೊಂದು ಫೈಲಿನ ವಿಳಾಸ. ವಿಂಡೋಸ್‌ನ ಫೈಲಿನ ಹೆಸರು ಬೂಟ್‌ಎಂಜಿಎಫ್‌ಡಬ್ಲ್ಯು, ಅದು ಮೈಕ್ರೋಸಾಫ್ಟ್ ಎಂಬ ಫೋಲ್ಡರಿನಲ್ಲಿರುತ್ತದೆ. ಉಬುಂಟುವಿನ ಫೈಲಿನ ಹೆಸರು ಶಿಮ್. ಅದು ಗ್ರಬ್ ಎಂಬ ಇನ್ನೊಂದನ್ನು ಎಬ್ಬಿಸುತ್ತದೆ. ಯಾವುದು ಬೇಕು ಎಂದು ಕೇಳುವ ಕಪ್ಪು ಪರದೆಯ ಮೆನು ಗ್ರಬ್‌ನದು.

ಉಬುಂಟು ಬಂದಾಗ ತನ್ನ ಹೆಸರನ್ನು ಪಟ್ಟಿಯ ತಲೆಗೆ ಬರೆಸಿಕೊಂಡಿದೆ. ವಿಂಡೋಸ್ ಎರಡನೆಯ ಸಾಲಿಗೆ ಇಳಿದಿದೆ. ಬಸ್ ನಿಲ್ದಾಣದ ಫಲಕದಲ್ಲಿ ಊರಿನ ಹೆಸರು ಅಳಿಸಿಹೋದರೆ ಆ ಊರು ಎಲ್ಲಿಗೂ ಹೋಗುವುದಿಲ್ಲ. ನಿಮ್ಮಲ್ಲಿ ಆಗಿರುವುದು ಅಷ್ಟೇ.

ಆದ್ದರಿಂದ ಮೊದಲ ಪರೀಕ್ಷೆಗೆ ಯಾವ ಕಮಾಂಡೂ ಬೇಡ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ. ಆನ್ ಮಾಡಿದ ಕೂಡಲೇ ಬೂಟ್ ಮೆನುವಿನ ಕೀಲಿಯನ್ನು ಟಪಟಪನೆ ಒತ್ತುತ್ತಿರಿ. ಡೆಲ್ ಮತ್ತು ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಒತ್ತಿ ಆಮೇಲೆ ಎಫ್9, ಏಸುಸ್ ಲ್ಯಾಪ್‌ಟಾಪ್‌ಗಳಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಅನೇಕ ಮಾದರಿಗಳಲ್ಲಿ ಮೊದಲು ಎಫ್2 ಒತ್ತಿ ಸೆಟ್ಟಿಂಗ್ ಒಳಗೆ ಹೋಗಿ ಎಫ್12 ಮೆನುವನ್ನು ಚಾಲೂ ಮಾಡಬೇಕು. ತೆರೆದ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಎಂಬ ಸಾಲು ಕಂಡರೆ ಅದರ ಮೇಲೆ ಎಂಟರ್ ಒತ್ತಿ. ಹತ್ತರಲ್ಲಿ ಒಂಬತ್ತು ಸಲ ನಿಮ್ಮ ಹಳೆಯ ವಿಂಡೋಸ್ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ ಎಂದು ನನ್ನ ಅನುಭವ ಹೇಳುತ್ತದೆ. ಡಿಸ್ಕ್ ಗಾತ್ರ ಬದಲಾಗಿರುವುದರಿಂದ ಮೊದಲ ಸಲ ಡಿಸ್ಕ್ ಪರೀಕ್ಷೆ ನಡೆಸಬಹುದು. ತಡೆಯಬೇಡಿ, ಮುಗಿಯಲಿ.

ಹೀಗೆ ಪ್ರತಿ ಸಲ ಕೀಲಿ ಒತ್ತುವುದು ಬೇಡ, ಮೆನುವೇ ಬರಬೇಕು ಎಂದರೆ ಗ್ರಬ್‌ಗೆ ಹೇಳಬೇಕು. ಅದು ತಾನಾಗಿ ಏಕೆ ಬರಲಿಲ್ಲ ಎಂಬುದಕ್ಕೆ ಒಂದು ಕಾರಣವಿರಬಹುದು. ಡಿಸ್ಕ್‌ನಲ್ಲಿ ಬೇರೆ ವ್ಯವಸ್ಥೆಗಳಿವೆಯೇ ಎಂದು ತಡಕಿ ನೋಡಿ ಮೆನುವಿಗೆ ಸೇರಿಸುವ ಓಎಸ್ ಪ್ರೋಬರ್ ಎಂಬ ಸಹಾಯಕನೊಂದಿದೆ. ಗ್ರಬ್ 2.06ರಿಂದ ಭದ್ರತೆಯ ಕಾರಣ ಕೊಟ್ಟು ಅದನ್ನು ಮೊದಲಿನಿಂದಲೇ ನಿಲ್ಲಿಸಿಡಲಾಗಿದೆ. ಉಬುಂಟು 22.04ರಲ್ಲಿ ಇರುವುದು ಅದೇ ಆವೃತ್ತಿ. ಭದ್ರತೆಯ ವಾದ ನನಗೆ ಅರ್ಥವಾಗುತ್ತದೆ. ಆದರೆ ಇನ್‌ಸ್ಟಾಲ್ ಮಾಡುವಾಗ ‘ವಿಂಡೋಸ್ ಜೊತೆಯಲ್ಲೇ’ ಎಂದು ಆರಿಸಿದವರಿಗೆ ಆಮೇಲೆ ವಿಂಡೋಸ್ ತೋರಿಸದೆ ಇರುವುದು ಸರಿಯಲ್ಲ. ನಿಮ್ಮ ಮಗಳ ಕಣ್ಣೀರಿಗೆ ಕಾರಣ ಈ ಒಂದು ನಿರ್ಧಾರವಿರಬಹುದು.

ಸರಿಪಡಿಸುವುದು ಹೀಗೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಬೇಕು. ಮಗಳಿಗೆ ಇವು ಪರಿಚಿತ. ಟರ್ಮಿನಲ್ ತೆರೆದು ಸುಡೋ ನ್ಯಾನೋ ಎಂದು ಬರೆದು, ಜಾಗ ಬಿಟ್ಟು, ಇಟಿಸಿ ಫೋಲ್ಡರಿನೊಳಗಿನ ಡೀಫಾಲ್ಟ್ ಫೋಲ್ಡರಿನಲ್ಲಿರುವ ಗ್ರಬ್ ಎಂಬ ಫೈಲಿನ ಹಾದಿ ಕೊಡಿ. ತೆರೆದ ಫೈಲಿನಲ್ಲಿ ಗ್ರಬ್, ಡಿಸೇಬಲ್, ಓಎಸ್, ಪ್ರೋಬರ್ ಎಂಬ ನಾಲ್ಕು ಪದಗಳನ್ನು ದೊಡ್ಡ ಅಕ್ಷರಗಳಲ್ಲಿ ಅಡಿಗೆರೆಯಿಂದ ಜೋಡಿಸಿದ ಸಾಲು ಇದೆಯೇ ನೋಡಿ. ಇದ್ದರೆ ಅದರ ಮುಂದಿನ ಹ್ಯಾಶ್ ಗುರುತು ಅಳಿಸಿ. ಇಲ್ಲದಿದ್ದರೆ ಕೊನೆಗೆ ಹೊಸ ಸಾಲಾಗಿ ಬರೆಯಿರಿ. ಎರಡರಲ್ಲೂ ಸಾಲು ಸಮ ಚಿಹ್ನೆ ಮತ್ತು ಸಣ್ಣಕ್ಷರದ ಫಾಲ್ಸ್ ಎಂಬ ಪದದೊಂದಿಗೆ ಮುಗಿಯಬೇಕು, ನಡುವೆ ಎಲ್ಲೂ ಜಾಗ ಇರಬಾರದು. ಕಂಟ್ರೋಲ್ ಓ, ಎಂಟರ್, ಕಂಟ್ರೋಲ್ ಎಕ್ಸ್ ಒತ್ತಿ ಉಳಿಸಿ ಹೊರಬನ್ನಿ. ಆಮೇಲೆ ಸುಡೋ ಅಪ್‌ಡೇಟ್ ಗ್ರಬ್ ಓಡಿಸಿ, ಅಪ್‌ಡೇಟ್ ಮತ್ತು ಗ್ರಬ್ ನಡುವೆ ಒಂದು ಅಡ್ಡಗೆರೆ ಹಾಕಿ.

ಈಗ ಪರದೆಯ ಮೇಲೆ ಸಾಲುಗಳು ಒಂದೊಂದಾಗಿ ಬರುತ್ತವೆ. ಲಿನಕ್ಸ್ ಇಮೇಜ್ ಸಿಕ್ಕಿತು, ಇನ್ನೊಂದು ಸಿಕ್ಕಿತು ಎಂಬ ಸಾಲುಗಳ ನಂತರ ಕೆಲವು ಸೆಕೆಂಡು ತಡವಾಗಿ ವಿಂಡೋಸ್ ಬೂಟ್ ಮ್ಯಾನೇಜರ್ ಸಿಕ್ಕಿತು ಎಂಬ ಸಾಲು ಬರುತ್ತದೆ. ಆ ಸಾಲಿಗಾಗಿ ಕಾಯಿರಿ. ಅದು ಸಿಕ್ಕಿದ್ದು ಎಸ್‌ಡಿಎ1ರಲ್ಲಿ ಎಂದು ತೋರಿಸುತ್ತದೆ. ವಿಂಡೋಸ್ ಇರುವುದು ಎಸ್‌ಡಿಎ3ರಲ್ಲಲ್ಲವೇ ಎಂಬ ಅನುಮಾನ ಬೇಡ. ಗ್ರಬ್ ಹುಡುಕುವುದು ಮನೆಯನ್ನಲ್ಲ, ಅದರ ಬಾಗಿಲನ್ನು. ಆ ಬಾಗಿಲು ಇರುವುದು ಎಸ್‌ಡಿಎ1ರಲ್ಲೇ. ರೀಸ್ಟಾರ್ಟ್ ಮಾಡಿದರೆ ಎರಡೂ ಹೆಸರಿರುವ ಮೆನು ಕಾಣಬೇಕು. ಕಾಣದಿದ್ದರೆ ಕಂಪನಿಯ ಲಾಂಛನ ಮಾಯವಾದ ಕ್ಷಣದಲ್ಲಿ ಎಸ್ಕೇಪ್ ಒಂದು ಸಲ ಒತ್ತಿ ನೋಡಿ.

ಅಪ್‌ಡೇಟ್ ಗ್ರಬ್ ಓಡಿಸಿದ ಮೇಲೂ ಆ ಸಾಲು ಬರದಿದ್ದರೆ? ಆಗ ಬಾಗಿಲೇ ಇಲ್ಲದಿರಬಹುದು. ಸುಡೋ ಎಲ್‌ಎಸ್ ಎಂದು ಬರೆದು ಆ ಬೂಟ್, ಇಎಫ್‌ಐ ಹಾದಿಯೊಳಗಿನ ದೊಡ್ಡಕ್ಷರದ ಇಎಫ್‌ಐ ಫೋಲ್ಡರನ್ನು ತೆರೆದು ನೋಡಿ. ಬೂಟ್, ಮೈಕ್ರೋಸಾಫ್ಟ್, ಉಬುಂಟು ಎಂಬ ಮೂರು ಹೆಸರು ಇರಬೇಕು. ಮೈಕ್ರೋಸಾಫ್ಟ್ ಇಲ್ಲದಿದ್ದರೆ ಅದನ್ನು ಮತ್ತೆ ಕಟ್ಟಬೇಕು. ಅದಕ್ಕೆ ಬೇಕಾದ ಸಾಮಗ್ರಿಯೆಲ್ಲ ನಿಮ್ಮ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನಲ್ಲೇ ಇದೆ. ಇನ್ನೊಬ್ಬರ ಕಂಪ್ಯೂಟರಿನಲ್ಲಿ ವಿಂಡೋಸ್ 10 ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವ್ ಒಂದನ್ನು ತಯಾರಿಸಿ, ಅದರಿಂದ ಬೂಟ್ ಮಾಡಿ. ಭಾಷೆ ಕೇಳುವ ಮೊದಲ ಪರದೆಯಲ್ಲೇ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ‘ಇನ್‌ಸ್ಟಾಲ್ ನೌ’ ಗುಂಡಿಯ ಹತ್ತಿರವೂ ಹೋಗಬೇಡಿ. ಡಿಸ್ಕ್‌ಪಾರ್ಟ್ ಎಂದು ಬರೆದು, ಲಿಸ್ಟ್ ವಾಲ್ ಎಂದರೆ ಎಲ್ಲ ಹೋಳುಗಳ ಪಟ್ಟಿ ಬರುತ್ತದೆ. ಎಫ್‌ಎಟಿ32 ಮಾದರಿಯ 100 ಎಂಬಿಯದರ ಸಂಖ್ಯೆ ನೋಡಿಕೊಳ್ಳಿ. ಸೆಲೆಕ್ಟ್ ವಾಲ್ ಎಂದು ಆ ಸಂಖ್ಯೆ ಕೊಡಿ. ಅಸೈನ್ ಲೆಟರ್ ಸಮ ಎಸ್ ಎಂದು ಅದಕ್ಕೆ ಎಸ್ ಅಕ್ಷರ ಕೊಡಿ. ದೊಡ್ಡ ಎನ್‌ಟಿಎಫ್‌ಎಸ್ ಹೋಳಿನ ಅಕ್ಷರ ಯಾವುದೆಂದೂ ಗಮನಿಸಿ, ಈ ಪರಿಸರದಲ್ಲಿ ಅದು ಸಿ ಆಗಿಯೇ ಇರಬೇಕೆಂದಿಲ್ಲ. ಎಕ್ಸಿಟ್ ಮಾಡಿ ಬಿಸಿಡಿಬೂಟ್ ಎಂಬ ಕಮಾಂಡಿಗೆ ಆ ದೊಡ್ಡ ಹೋಳಿನ ವಿಂಡೋಸ್ ಫೋಲ್ಡರಿನ ಹಾದಿ ಕೊಟ್ಟು, ಓರೆಗೆರೆ ಎಸ್ ಜೊತೆಗೆ ಎಸ್ ಕೋಲನ್, ಓರೆಗೆರೆ ಎಫ್ ಜೊತೆಗೆ ಯುಇಎಫ್‌ಐ ಎಂದು ಸೇರಿಸಿ. ಬೂಟ್ ಫೈಲುಗಳು ಸೃಷ್ಟಿಯಾದವು ಎಂಬ ಒಂದು ಸಾಲಿನ ಉತ್ತರ ಬಂದರೆ ಕೆಲಸವಾಯಿತು. ಆಮೇಲೆ ವಿಂಡೋಸ್ ತಾನೇ ಪಟ್ಟಿಯ ತಲೆಗೆ ಹೋಗಿ ಕೂರಬಹುದು. ಉಬುಂಟು ಬೇಕಾದಾಗ ಬೂಟ್ ಮೆನುವಿನಿಂದ ತೆರೆಯಬಹುದು.

ಹುಡುಕಿದಾಗ ಬೂಟ್‌ರೆಕ್ ಎಂಬ ಇನ್ನೊಂದು ಕಮಾಂಡಿನ ಸಲಹೆಗಳು ನಿಮಗೆ ಬೇಕಾದಷ್ಟು ಸಿಗುತ್ತವೆ. ಅದರ ಫಿಕ್ಸ್‌ಎಂಬಿಆರ್ ಹಳೆಯ ಬಯೋಸ್ ಕಾಲದ ಮದ್ದು. ಆಗ ಡಿಸ್ಕಿನ ಮೊದಲ 512 ಬೈಟ್‌ನಲ್ಲೇ ಎಲ್ಲವೂ ಇರುತ್ತಿತ್ತು: ಬೂಟ್ ಮಾಡುವ ಸಂಕೇತಕ್ಕೆ 446 ಬೈಟ್, ನಾಲ್ಕು ಹೋಳುಗಳ ಪಟ್ಟಿಗೆ 64, ಕೊನೆಯಲ್ಲಿ ಎರಡು ಬೈಟಿನ ಮುದ್ರೆ. ಒಂದೇ ಕುರ್ಚಿ ಇದ್ದುದರಿಂದ ಕೊನೆಯಲ್ಲಿ ಬಂದವರು ಮೊದಲು ಕೂತವರನ್ನು ಎಬ್ಬಿಸುತ್ತಿದ್ದರು. ಯುಇಎಫ್‌ಐ ಬಂದ ಮೇಲೆ ಇಬ್ಬರಿಗೂ ಪ್ರತ್ಯೇಕ ಫೋಲ್ಡರ್ ಇದೆ. ನಿಮ್ಮ ಯಂತ್ರಕ್ಕೆ ಆ ಮದ್ದು ಬೇಕಿಲ್ಲ. ಎಲ್ಲವನ್ನೂ ತಾನೇ ಸರಿಮಾಡುತ್ತೇನೆ ಎನ್ನುವ ಬೂಟ್ ರಿಪೇರ್‌ನಂಥ ಸಾಧನಗಳನ್ನೂ ನಾನು ಮೊದಲ ಹೆಜ್ಜೆಯಾಗಿ ಹೇಳುವುದಿಲ್ಲ. ಅವು ಕೆಟ್ಟವಲ್ಲ. ಆದರೆ ಏನು ಕೆಟ್ಟಿದೆ ಎಂದು ನಮಗೇ ತಿಳಿಯದಿರುವಾಗ ಹತ್ತು ಬದಲಾವಣೆ ಒಟ್ಟಿಗೆ ಮಾಡಿದರೆ ಮುಂದಿನ ತೊಂದರೆಯ ಮೂಲ ಸಿಗುವುದಿಲ್ಲ.

ಇದೇ ಪ್ರಶ್ನೆ ಬೇರೆ ರೂಪದಲ್ಲಿ ಬೇರೆಯವರಿಂದಲೂ ಬರುತ್ತಿರುತ್ತದೆ. ಅವರಿಗಾಗಿ ಕೆಲವು ಮಾತು.

ಮೇಲೆ ಒಂದು ದೊಡ್ಡ ತೊಡಕು ಎಂದೆನಲ್ಲ, ಅದು ಪದ್ಧತಿಯ ಹೊಂದಾಣಿಕೆಯಿಲ್ಲದಿರುವುದು. ವಿಂಡೋಸ್ ಯುಇಎಫ್‌ಐ ಪದ್ಧತಿಯಲ್ಲಿದ್ದು, ಲಿನಕ್ಸ್ ಪೆನ್‌ಡ್ರೈವನ್ನು ಹಳೆಯ ಲೆಗಸಿ ಪದ್ಧತಿಯಲ್ಲಿ ಬೂಟ್ ಮಾಡಿ ಇನ್‌ಸ್ಟಾಲ್ ಮಾಡಿದರೆ ಗ್ರಬ್ ಎಷ್ಟೇ ತಿಣುಕಿದರೂ ಆ ವಿಂಡೋಸನ್ನು ತೆರೆಯಲಾರದು. ಲಿನಕ್ಸ್‌ನ ಸಿಸ್, ಫರ್ಮ್‌ವೇರ್ ಹಾದಿಯಲ್ಲಿ ಇಎಫ್‌ಐ ಎಂಬ ಫೋಲ್ಡರ್ ಇಲ್ಲದಿದ್ದರೆ ಅದು ಲೆಗಸಿಯಲ್ಲಿ ಓಡುತ್ತಿದೆ ಎಂದು ತಿಳಿಯಬೇಕು. ಬಯೋಸ್ ಸೆಟ್ಟಿಂಗಿನಲ್ಲಿ ಯುಇಎಫ್‌ಐಗೆ ಮರಳಿಸಿದರೆ ವಿಂಡೋಸ್ ಬರುತ್ತದೆ. ಲಿನಕ್ಸನ್ನು ಅದೇ ಪದ್ಧತಿಯಲ್ಲಿ ಮತ್ತೆ ಹಾಕುವುದು ಶುದ್ಧ ಪರಿಹಾರ.

ಹೊಸ ಲ್ಯಾಪ್‌ಟಾಪ್ ಇರುವವರಿಗೆ ಬಿಟ್‌ಲಾಕರ್ ಎಂಬ ಬೀಗದ ಪ್ರಶ್ನೆ ಬರುತ್ತದೆ. ಎಲ್‌ಎಸ್‌ಬಿಎಲ್‌ಕೆಯಲ್ಲಿ ಎನ್‌ಟಿಎಫ್‌ಎಸ್ ಇರಬೇಕಾದ ಜಾಗದಲ್ಲಿ ಬಿಟ್‌ಲಾಕರ್ ಎಂದಿದ್ದರೆ ಡಿಸ್ಕ್ ಗೂಢಲಿಪಿಯಲ್ಲಿದೆ. ಬೂಟ್ ಆಗುವ ದಾರಿ ಬದಲಾದದ್ದನ್ನು ಕಂಡು ವಿಂಡೋಸ್ ನೀಲಿ ಪರದೆಯಲ್ಲಿ 48 ಅಂಕಿಗಳ ಕೀಲಿ ಕೇಳುತ್ತದೆ. ಆ ಕೀಲಿ ಬಹುತೇಕ ಸಲ ನೀವು ಲ್ಯಾಪ್‌ಟಾಪ್ ಶುರುಮಾಡಿದಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಮೊಬೈಲಿನಿಂದಲೇ ಆ ಖಾತೆಗೆ ಹೋಗಿ ನೋಡಬಹುದು. ಕಾಲೇಜು ಅಥವಾ ಕಚೇರಿಯ ಖಾತೆಯಾದರೆ ಅಲ್ಲಿನ ನಿರ್ವಾಹಕರನ್ನು ಕೇಳಬೇಕು. ಕೀಲಿ ಇಲ್ಲದೆ ಆ ಡಿಸ್ಕನ್ನು ಓದುವ ಉಪಾಯ ಅಂಗಡಿಯವರ ಬಳಿಯೂ ಇಲ್ಲ. ಹೀಗಾಗಿ ಇನ್ನೂ ಲಿನಕ್ಸ್ ಹಾಕದವರು ಇಂದೇ ಆ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಲಿ. ಬೀಗ ಇರುವ ವಿಂಡೋಸನ್ನು ಗ್ರಬ್ ಮೂಲಕ ತೆರೆಯದೆ ಯಂತ್ರದ ಬೂಟ್ ಮೆನುವಿನಿಂದಲೇ ತೆರೆದರೆ ಕೀಲಿ ಕೇಳುವ ಕಾಟ ಸಾಮಾನ್ಯವಾಗಿ ತಪ್ಪುತ್ತದೆ.

ತಿರುಗಿ, ವಿಂಡೋಸ್‌ನಿಂದ ಲಿನಕ್ಸ್ ಕಾಣೆಯಾಗುವುದೂ ಉಂಟು. 2024ರ ಆಗಸ್ಟ್ ತಿಂಗಳ ವಿಂಡೋಸ್ ಭದ್ರತಾ ಅಪ್‌ಡೇಟ್ ಬಂದಾಗ ಎರಡೂ ವ್ಯವಸ್ಥೆ ಇಟ್ಟುಕೊಂಡಿದ್ದ ಎಷ್ಟೋ ಜನರ ಲಿನಕ್ಸ್ ತೆರೆಯುವುದು ನಿಂತಿತು. ಏನೋ ಗಂಭೀರವಾಗಿ ತಪ್ಪಾಗಿದೆ, ಎಸ್‌ಬಿಎಟಿ ಪರೀಕ್ಷೆ ವಿಫಲವಾಯಿತು ಎಂಬ ಸಂದೇಶ ತೋರಿಸಿ ಯಂತ್ರ ಆಫ್ ಆಗುತ್ತಿತ್ತು. ಹಳೆಯ ಶಿಮ್ ಆವೃತ್ತಿಗಳನ್ನು ನಂಬಬೇಡ ಎಂದು ಆ ಅಪ್‌ಡೇಟ್ ಯುಇಎಫ್‌ಐಗೆ ಹೇಳಿಬಿಟ್ಟಿತ್ತು. ಅಂಥ ಸಂದರ್ಭದಲ್ಲೂ ಲಿನಕ್ಸ್‌ನ ಒಂದು ಫೈಲೂ ಅಳಿದಿರಲಿಲ್ಲ. ನಂಬಿಕೆಯ ಫೈಲುಗಳನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಸೌಲಭ್ಯವನ್ನು ತಾತ್ಕಾಲಿಕವಾಗಿ ಆಫ್ ಮಾಡಿ ಲಿನಕ್ಸ್ ತೆರೆದು, ಶಿಮ್ ಮತ್ತು ಗ್ರಬ್ ಅಪ್‌ಡೇಟ್ ಮಾಡಿಕೊಂಡವರು ಪಾರಾದರು. ಸಂದೇಶ ಕಂಡು ಗಾಬರಿಯಾಗಿ ಮತ್ತೆ ಇನ್‌ಸ್ಟಾಲ್ ಮಾಡಲು ಹೋಗಿ ಹಳೆಯ ಹೋಳಿನ ಮೇಲೇ ಹಾಕಿಕೊಂಡವರು ತಮ್ಮ ಫೈಲುಗಳನ್ನು ತಾವೇ ಕಳೆದುಕೊಂಡರು.

ಎಲ್ಲಕ್ಕಿಂತ ಕಷ್ಟದ ಸ್ಥಿತಿ ‘ಡಿಸ್ಕ್ ಅಳಿಸಿ ಹಾಕು’ ಒತ್ತಿದವರದು. ಇದರ ಬಗ್ಗೆ ಸುಳ್ಳು ಭರವಸೆ ಕೊಡುವುದಕ್ಕೆ ನನಗೆ ಮನಸ್ಸಿಲ್ಲ. ಹಲವು ವರ್ಷಗಳ ಹಿಂದೆ ಸಂಬಂಧಿಕರ ಮನೆಯ ಕಂಪ್ಯೂಟರಿನಲ್ಲಿ ಹೀಗಾಗಿತ್ತು. ಅದು ತಿರುಗುವ ಹಾರ್ಡ್ ಡಿಸ್ಕ್. ಕೂಡಲೇ ಆಫ್ ಮಾಡಿಸಿ, ಡಿಸ್ಕ್ ಬಿಚ್ಚಿ, ಅದಕ್ಕಿಂತ ದೊಡ್ಡದಾದ ಇನ್ನೊಂದು ಡಿಸ್ಕ್‌ಗೆ ಡಿಡಿರೆಸ್ಕ್ಯೂ ಬಳಸಿ ಪೂರ್ತಿ ಪ್ರತಿ ತೆಗೆದೆ. ಆ ಪ್ರತಿಯ ಮೇಲೆ ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಧನ ಓಡಿಸಿದೆ. ಇಡೀ ರಾತ್ರಿ ತಡಕಿ ಬೆಳಿಗ್ಗೆ ಹೊತ್ತಿಗೆ ಹಳೆಯ ಡಿ ಡ್ರೈವಿನ ಗಡಿ ಹುಡುಕಿಕೊಟ್ಟಿತು, ಅದರೊಳಗಿದ್ದುದೆಲ್ಲ ಸಿಕ್ಕಿತು. ಸಿ ಡ್ರೈವ್ ಇದ್ದ ಜಾಗದಲ್ಲಿ ಉಬುಂಟು ಬರೆದುಕೊಂಡಿತ್ತು. ಅಲ್ಲಿಂದ ಫೋಟೋರೆಕ್ ಬಳಸಿ ಬಿಡಿ ಫೈಲುಗಳನ್ನಷ್ಟೇ ಆರಿಸಿದೆವು, ಹೆಸರೂ ಇಲ್ಲ, ಫೋಲ್ಡರೂ ಇಲ್ಲ. ಮನೆಯ ಅಜ್ಜಿಯ ಫೋಟೋವನ್ನು ಸಾವಿರಾರು ಸಂಖ್ಯೆಗಳ ನಡುವೆ ಒಂದೊಂದನ್ನೇ ತೆರೆದು ಹುಡುಕಿದ್ದು ಮೂರು ದಿನ.

ಅದೇ ತಪ್ಪು ಇಂದಿನ ಎಸ್‌ಎಸ್‌ಡಿಯಲ್ಲಿ ಆದರೆ ಕಥೆ ಬೇರೆ. ಇಎಕ್ಸ್‌ಟಿ4 ಹೋಳು ರೂಪಿಸುವಾಗ ಲಿನಕ್ಸ್ ಆ ಜಾಗದ ಹಳೆಯ ವಿಷಯ ಇನ್ನು ಬೇಡ ಎಂದು ಎಸ್‌ಎಸ್‌ಡಿಗೆ ಹೇಳಿಬಿಡುತ್ತದೆ. ಡಿಸ್ಕೂ ಅದನ್ನು ಒಪ್ಪಿಕೊಂಡು ಕೈಬಿಡುತ್ತದೆ. ಆಮೇಲೆ ಓದಿದರೆ ಸಾಮಾನ್ಯವಾಗಿ ಸೊನ್ನೆಗಳೇ ಸಿಗುತ್ತವೆ. ಅಂಥ ಒಂದು ಡಿಸ್ಕನ್ನು ಕೈಯಲ್ಲಿ ಹಿಡಿದು ‘ಇದರಲ್ಲಿ ಏನೂ ಇಲ್ಲ’ ಎಂದು ಹೇಳಬೇಕಾಗಿ ಬಂದ ದಿನ ನನಗೆ ಇನ್ನೂ ನೆನಪಿದೆ. ಆಗ ಉಳಿಯುವುದು ಬೇರೆ ಕಡೆ ಇಟ್ಟಿದ್ದ ನಕಲು ಮಾತ್ರ. ಇಮೇಲ್‌ನಲ್ಲಿ ಕಳಿಸಿದ ಹಳೆಯ ಪ್ರತಿ, ಒನ್‌ಡ್ರೈವ್, ಮುದ್ರಣಕ್ಕೆ ಕೊಟ್ಟ ಅಂಗಡಿಯ ಕಂಪ್ಯೂಟರ್, ಮಾರ್ಗದರ್ಶಕರ ಪೆನ್‌ಡ್ರೈವ್, ಇವುಗಳಲ್ಲಿ ಹುಡುಕಬೇಕು.

ನಿಮ್ಮ ವಿಷಯಕ್ಕೆ ಮರಳುತ್ತೇನೆ. ವಿಂಡೋಸ್ ತೆರೆದ ಮೇಲೆ ಎರಡು ಸಣ್ಣ ಕೆಲಸ ಮಾಡಿಕೊಳ್ಳಿ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಯ್ಕೆಗಳಲ್ಲಿ, ಪವರ್ ಗುಂಡಿ ಏನು ಮಾಡಬೇಕು ಎಂದು ಕೇಳುವ ಜಾಗದಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಗುರುತು ತೆಗೆಯಿರಿ. ಎರಡು ವ್ಯವಸ್ಥೆ ಒಂದೇ ಡಿಸ್ಕ್‌ನಲ್ಲಿರುವ ಮನೆಯಲ್ಲಿ ಅದು ಇರಬಾರದು. ಇನ್ನೊಂದು, ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ತೋರಿಸಬಹುದು. ಬೆಳಿಗ್ಗೆ ಹತ್ತಕ್ಕೆ ನಾಲ್ಕೂವರೆ ಎನ್ನುತ್ತದೆ. ಯಂತ್ರದೊಳಗಿನ ಗಡಿಯಾರವನ್ನು ಲಿನಕ್ಸ್ ಗ್ರೀನಿಚ್ ಲೆಕ್ಕದಲ್ಲಿಡುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯವೆಂದು ಓದುತ್ತದೆ. ಉಬುಂಟುವಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಎಂಬ ಕಮಾಂಡಿಗೆ, ಅಡ್ಡಗೆರೆಯಿಂದ ಜೋಡಿಸಿದ ಸೆಟ್ ಲೋಕಲ್ ಆರ್‌ಟಿಸಿ ಮತ್ತು 1 ಎಂಬ ಅಂಕಿ ಸೇರಿಸಿ ಓಡಿಸಿದರೆ ಎರಡೂ ಒಂದೇ ಸಮಯ ತೋರಿಸುತ್ತವೆ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು ಎಂದು ಮಗಳು ಹೇಳಿದ್ದು ನಿಜ. ಇಂಟರ್‌ನೆಟ್, ಬ್ಯಾಂಕ್, ಇಮೇಲ್ ಕೆಲಸಗಳಿಗೆ ಉಬುಂಟು ಬಳಸಿ, ನುಡಿಯ ಕೆಲಸಕ್ಕೆ ಮಾತ್ರ ವಿಂಡೋಸ್ ತೆರೆಯಿರಿ ಎಂಬುದು ನನ್ನ ಸಲಹೆ. ಬಿಡುವಾದಾಗ ಪ್ರಬಂಧವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ. ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಒಮ್ಮೆ ಕಣ್ಣಾರೆ ತಾಳೆ ನೋಡಬೇಕಾಗುತ್ತದೆ, ಪರಿವರ್ತಕಗಳು ಅಲ್ಲಲ್ಲಿ ಎಡವುತ್ತವೆ.

ಬೂಟ್ ಮೆನುವಿನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಕಾಣದಿದ್ದರೆ ಮುಂದೇನನ್ನೂ ಮಾಡಬೇಡಿ. ಟರ್ಮಿನಲ್‌ನಲ್ಲಿ ಇಎಫ್‌ಐಬೂಟ್‌ಎಂಜಿಆರ್ ಎಂದು ಬರೆದು ಎಂಟರ್ ಒತ್ತಲು ಮಗಳಿಗೆ ಹೇಳಿ. ಯುಇಎಫ್‌ಐಯ ಆ ಪಟ್ಟಿ ಪೂರ್ತಿಯಾಗಿ ಬರುತ್ತದೆ. ಅದರ ಫೋಟೋ ತೆಗೆದು ಕಳಿಸಿ, ಅಲ್ಲಿಂದ ಮುಂದಿನದನ್ನು ನೋಡುತ್ತೇನೆ.